ಉಂಟಾ? ಉಂಟು

ಪಾಂಡೇಶ್ವರದಲ್ಲಿ ಎರಡನೇ ಮಾಳಿಗೆ, ಕಿಟಕಿಯಿಲ್ಲದ ಕೋಣೆ.
ಹದಿನೆಂಟು ಡಿಗ್ರಿಗೆ ಹೆದರಿ ಫ್ಲೊಸಿ ಲೋಬೊ ಸ್ವೆಟರ್ ತರುತ್ತಾಳೆ,
ನಾನು ಬೈರಾಸು ಹೊದೆಯುತ್ತೇನೆ.
ಗೋಡೆಯಾಚೆ ಮೇ ತಿಂಗಳು
ಬೆವರು ಒರೆಸಿಕೊಳ್ಳುತ್ತ ನಿಂತಿದೆ.

ಉಡುಪಿಗೆ ಹೋಗುವ ಪ್ರತಿಯೊಂದು ಕರೆಗೂ
ಮೊದಲು ದಾರಿ ಕಾದಿರಿಸಬೇಕು, ಇಷ್ಟು ಅಗಲ ಎಂದು.
ಕಾದಿರಿಸಿದರೆ ಮುಗಿಯಿತಾ? ಇಲ್ಲ.
ಅರ್ಧ ನಿಮಿಷಕ್ಕೊಮ್ಮೆ
ಸುರತ್ಕಲ್ಲಿನ ರೂಟರಿಗೆ, ಮೂಲ್ಕಿಯದಕ್ಕೆ,
ಪಡುಬಿದ್ರಿಯದಕ್ಕೆ, ಕಾಪುವಿನದಕ್ಕೆ
ಬಂದು ಹೇಳಬೇಕು, ನಾನಿನ್ನೂ ಇದ್ದೇನೆ.
ಹೇಳದಿದ್ದರೆ ಮರೆಯುತ್ತವೆ.
ಸಿಟ್ಟಲ್ಲ, ಸೊಕ್ಕಲ್ಲ;
ಅವು ಲೆಕ್ಕ ಬರೆದಿಡುವುದೇ ಅಲೆ ಬರುವ ಮರಳಿನ ಮೇಲೆ.

ಉಂಟಾ?
ಉಂಟು.
ಉಂಟಾ?
ಉಂಟು.

ಒಬ್ಬರಿಗಾದರೆ ಇದು ಮಾತು.
ಒಂಬತ್ತು ಸಾವಿರ ಕರೆಗಳಿಗೆ ಇದು
ಮದುವೆ ಊಟದಲ್ಲಿ ಬಡಿಸುವವನನ್ನೇ ತಡೆದು ನಿಲ್ಲಿಸಿ
ಪಾಯಸ ಉಂಟಾ ಎಂದು ಇಡೀ ಪಂಕ್ತಿ ಕೇಳಿದ ಹಾಗೆ.
ಬಡಿಸುವುದು ಯಾವಾಗ?
ಪೆಟ್ಟಿಗೆಗಳು ಬಿಸಿಯಾಗುತ್ತಿದ್ದವು,
ಫ್ಯಾನುಗಳು ಕೂಗುತ್ತಿದ್ದವು.

ನನಗೆ ಈ ಓಟ ಗೊತ್ತು. ನಾನು ಓಡಿದವನು.
ಮಲ್ಪೆಯಲ್ಲಿ, ಹನ್ನೊಂದರ ಪ್ರಾಯದಲ್ಲಿ,
ಬೋಟಿನಿಂದ ಐಸ್ ಪ್ಲಾಂಟಿಗೆ, ಪ್ಲಾಂಟಿನಿಂದ ಬೋಟಿಗೆ:
ನಾಳೆಗೆ ನಮ್ಮ ಆರು ಗಡ್ಡೆ ಉಂಟಾ?
ವಾಮನ ತಿಂಗಳಾಯರು ಕನ್ನಡಕದ ಮೇಲಿಂದ, ಉಂಟು.
ನಾಲ್ಕಕ್ಕೆ ಕೇಳಿದ್ದು ಆರಕ್ಕೆ ಸಾಲದು,
ಆರರದು ಒಂಬತ್ತಕ್ಕೆ ಹಳಸುತ್ತದೆ.
ಹೋಗದಿದ್ದರೆ ನಮ್ಮ ಆರು ಇನ್ನೊಬ್ಬರ ಆರು.
ಅರವತ್ತು ಬೋಟು, ಅರವತ್ತು ಹುಡುಗರು;
ತಿಂಗಳಾಯರ ಪೆನ್ಸಿಲಿಗೆ ಐಸ್ ಎಣಿಸಲು ಪುರುಸೊತ್ತಿಲ್ಲ.

ದಕ್ಕೆಯ ಬಾಯಲ್ಲಿ ಚಾ ಮಾಡುತ್ತಿದ್ದ ಕಲ್ಯಾಣಿ ಮೆಂಡನ್
ಒಂದು ದಿನ ಸೌಟು ಕೆಳಗಿಟ್ಟು ಹೇಳಿದಳು, "ನನಗೆ ಹೇಳಿ, ಸಾಕು."
ಅವಳ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ನಮ್ಮ ಹೆಸರು, ನಮ್ಮ ಗಡ್ಡೆ;
ಪ್ಲಾಂಟಿಗೆ ಹೋಗುವುದು ಒಂದೇ ಸಂಖ್ಯೆ. ಮುನ್ನೂರೈವತ್ತು.
ಒಬ್ಬ ಬಿಟ್ಟ, ಇಬ್ಬರು ಸೇರಿದರು, ಅಲ್ಲಿಗೆ ಸುದ್ದಿಯಿಲ್ಲ.
ತುಂಬಿತೆಂದರೆ ಮಾತ್ರ ಒಂದು ಸಲ, "ಐವತ್ತು ಏರಿಸಿ."
ತಿಂಗಳಾಯರು ಮಧ್ಯಾಹ್ನ ನಿದ್ದೆ ಮಾಡತೊಡಗಿದರು.
ನಾವು ಗೋಲಿ ಆಡಿದೆವು.

ಆಮೇಲೆ ಒಂದು ಬೆಳಗ್ಗೆ ದೂಮಣ್ಣನ ದೋಣಿ ತಡವಾಗಿ ಬಂತು.
ಬೇಕಿದ್ದದ್ದು ಎರಡೇ. ಲೆಕ್ಕ ತುಂಬಿತ್ತು.
ನಾನು ಓಡಿ, ಎಬ್ಬಿಸಿ, ಕೇಳಿ ಬರುವಷ್ಟರಲ್ಲಿ
ನೀರು ಇಳಿಯತೊಡಗಿ ಅವನು ಹಾಗೇ ಹೊರಟಿದ್ದ.
ಬಂಗುಡೆ ಏನಾಯಿತೆಂದು ಸಂಜೆ ಯಾರೂ ಕೇಳಲಿಲ್ಲ,
ಮೂಗು ಹೇಳಿತು.

ಅಂದಿನಿಂದ ಅವಳು ಹನ್ನೆರಡು ಹೆಚ್ಚಿಗೆ ಹೇಳುತ್ತಿದ್ದಳು,
ಹೆಸರಿಲ್ಲದ ಹನ್ನೆರಡು. ಹೆಚ್ಚಿನ ದಿನ ಅವು
ಚರಂಡಿಯಲ್ಲಿ ನೀರಾಗಿ ಹೋಗುತ್ತಿದ್ದವು.
ನನಗೆ ಹೊಟ್ಟೆಯುರಿ. ದುಡ್ಡಲ್ವಾ, ಎಂದೆ.
"ಕರಗಲಿ ಮಾರಾಯ. ನಿನ್ನ ಕಾಲು ಕರಗುವುದಕ್ಕಿಂತ ಅಡ್ಡಿಲ್ಲ."

ಕಳೆದ ವಾರ ನಾವೂ ಒಂದು ಕಟ್ಟು ಕಟ್ಟಿದೆವು.
ಯಾರು ಯಾರೆಂದು ಈ ತುದಿಗೆ ಗೊತ್ತು, ಉಡುಪಿಯ ತುದಿಗೆ ಗೊತ್ತು;
ನಡುವಿನ ನಾಲ್ಕಕ್ಕೆ ಒಂದೇ ಕಟ್ಟು, ಒಂದೇ ಉಂಟು.
ಗ್ರಾಫು ಗುಡ್ಡದಿಂದ ಗದ್ದೆಗೆ ಇಳಿಯಿತು.
ಫ್ಲೊಸಿ ಅದರ ಫೋಟೊ ಹೊಡೆದಳು,
ಮಗುವಿನ ಮೊದಲ ಹಲ್ಲಿನ ಫೋಟೊ ಹೊಡೆದ ಹಾಗೆ.

ನಿನ್ನೆ ರಾತ್ರಿ ಎರಡು ನಲವತ್ತಕ್ಕೆ
ಬ್ರಹ್ಮಾವರದ ಒಂದು ಕ್ಲಿನಿಕ್ಕಿನ ಕರೆ.
ಕಟ್ಟು ತುಂಬಿತ್ತು. ಏರಿಸಿ ಎಂದು ಕೇಳಿ
ನಾಲ್ಕೂ ಒಪ್ಪುವಷ್ಟರಲ್ಲಿ
ಇಲ್ಲ ಎಂಬ ಉತ್ತರ ಹೋಗಿಯಾಗಿತ್ತು.
ಮತ್ತೆ ಮಾಡಿರಬಹುದು. ಬೇರೆ ನಂಬರಿನಿಂದ.
ಮಾಡದೆಯೂ ಇರಬಹುದು.
ಲಾಗಿನಲ್ಲಿ ಒಂದು ಸಾಲು. ಕಾಪುವಿನ ರೂಟರಿಗೆ ಹೆಸರೂ ಗೊತ್ತಿಲ್ಲ.

ಇವತ್ತು ಕಟ್ಟಿನ ಗಾತ್ರಕ್ಕೆ ಹನ್ನೆರಡು ಸೇರಿಸಿದೆ,
ಯಾರದೂ ಅಲ್ಲದ್ದು.
ಫ್ಲೊಸಿ ಬಗ್ಗಿ ನೋಡಿದಳು. "ಇದೆಂತಕ್ಕೆ?"
"ಕರಗಲಿಕ್ಕೆ."

ಫ್ಯಾನುಗಳು ಮೆಲ್ಲಗಾಗಿವೆ;
ಈಗ ಈ ಕೋಣೆಯಲ್ಲಿ ಸಣ್ಣ ಮಾತೂ ಕೇಳುತ್ತದೆ.
ಪರದೆಯಿಂದ ತಿರುಗದೆ ಅವಳು,
ಚಾ ಉಂಟಾ?
ಫ್ಲಾಸ್ಕ್ ಅಲ್ಲಾಡಿಸಿ ನೋಡುತ್ತೇನೆ.
ಅರ್ಧ ಲೋಟ ಉಂಟು.